ಆಳು ಕೆಳಗಿರುವಾಗ

‘ಸುಮ್ಮನಿರಿ’ ಅಂತ ಅವರು ಬಾಯಿಬಿಟ್ಟು ಹೇಳಿದ್ದನ್ನು ನಾನು ಕೇಳಿಲ್ಲ. ಕೈ ಎತ್ತುತ್ತಿದ್ದರು, ಅಷ್ಟೇ. ಅಂಗೈ ಕೆಳಮುಖ ಮಾಡಿ, ಅನ್ನದ ಪಾತ್ರೆಗೆ ತಟ್ಟೆ ಮುಚ್ಚುವ ಹಾಗೆ ನಿಧಾನವಾಗಿ ಇಳಿಸುತ್ತಿದ್ದರು. ಆ ಕೈ ಮೇಜಿಗೆ ತಾಗುವಷ್ಟರಲ್ಲಿ ನಮ್ಮ ಭಜನೆಯ ಹೆಂಗಸರು ಎಂಟೂ ಜನ ಗಪ್‌ಚಿಪ್. ಬಂಗಾರಪೇಟೆಯಿಂದ ರಾಬರ್ಟ್‌ಸನ್‌ಪೇಟೆವರೆಗೆ ಬಸ್ಸಿನಲ್ಲಿ ಕಂಡಕ್ಟರನ ಮಾತೂ ಕೇಳಿಸದ ಹಾಗೆ ಹರಟಿಕೊಂಡು ಬಂದವರು ನಾವೇನಾ ಅನ್ನಿಸುತ್ತಿತ್ತು.

ಆಮೇಲೆ ಒಂದು ನಿಮಿಷ ಯಾರೂ ಹಾಡಬಾರದು, ಅಲುಗಾಡಬಾರದು. ಆ ಒಂದು ನಿಮಿಷದ ಖಾಲಿ ಸದ್ದನ್ನೂ ಅವರು ರೆಕಾರ್ಡ್ ಮಾಡುತ್ತಿದ್ದರು.

‘ಏನೂ ಇಲ್ಲದ್ದನ್ನ ಯಾಕಕ್ಕಾ ಹಿಡೀತೀರಿ?’ ಎಂದು ಮೊದಲನೇ ದಿನವೇ ಕೇಳಿದೆ.

‘ಏನೂ ಇಲ್ಲ ಅಂತ ನೀನಂದ್ಕೊಂಡಿದ್ದೀಯಮ್ಮಾ. ಫ್ಯಾನು ಆರಿಸಿದ್ರೂ ಗೋಡೆ ಮಾತಾಡ್ತದೆ. ಗೋಡೆದು ಯಾವುದು, ನಿಂದು ಯಾವುದು ಅಂತ ನಂಗೆ ಗೊತ್ತಾಗ್ಬೇಕಲ್ಲ’ ಅಂದರು.

ಮಾರ್ಕೆಟ್ಟಿನ ಹಿಂದಿನ ಬೀದಿಯಲ್ಲಿ ಒಂದು ಟೈಲರ್ ಅಂಗಡಿ. ಅದರ ಒಳಗಿಂದ ಹಾದುಹೋದರೆ ಅವರ ರೆಕಾರ್ಡಿಂಗ್ ರೂಮು. ಗೋಡೆಗೆಲ್ಲ ಗೋಣಿಚೀಲ, ಅದರ ಮೇಲೆ ಹಳೇ ಕಂಬಳಿ. ಒಂದು ಕಂಪ್ಯೂಟರು, ಎರಡು ಮೈಕು, ಮೈಕಿನ ವೈರುಗಳು ಬಂದು ಸೇರುವ ಬೆಳ್ಳಿ ಬಣ್ಣದ ಒಂದು ಪೆಟ್ಟಿಗೆ. ಹೋದ ತಿಂಗಳು ಅವರು ಆ ರೂಮನ್ನು ಖಾಲಿ ಮಾಡಿದರು. ಅವರ ಬಗ್ಗೆ ನಾಲ್ಕು ಮಾತು ಬರೆದಿಡಬೇಕು ಅನ್ನಿಸಿ ಕೂತಿದ್ದೇನೆ. ಹೆಸರು ಬರೆಯುವುದಿಲ್ಲ. ಕೇಳಿದ್ದಕ್ಕೆ, ‘ಕ್ಯಾಸೆಟ್ ಮೇಲೆ ಹಾಡಿದೋರ ಹೆಸರಿರ್ತದೆ, ವೈರು ಹಿಡಿದೋರ ಹೆಸರು ಇರಲ್ಲಮ್ಮಾ’ ಅಂದುಬಿಟ್ಟರು. ನಮಗೆಲ್ಲ ಅವರು ಅಕ್ಕ. ನಮ್ಮ ಅತ್ತೆಗೆ ಮಾತ್ರ ಮೈಕಮ್ಮ.

ಅಕ್ಕನ ತಂದೆ ಇಲ್ಲಿನ ನಂದಿದುರ್ಗ ಚಿನ್ನದ ಗಣಿಯಲ್ಲಿ ಆಳುಗಳನ್ನು ಕೆಳಗಿಳಿಸಿ ಮೇಲೆತ್ತುವ ಯಂತ್ರ ನಡೆಸುತ್ತಿದ್ದವರು. ಅಕ್ಕ ಹುಟ್ಟಿ ಬೆಳೆದದ್ದೆಲ್ಲ ಗಣಿ ಆಳುಗಳಿಗೆ ಸಾಲಾಗಿ ಕಟ್ಟಿಸಿದ್ದ ಲೈನ್ ಮನೆಯಲ್ಲೇ. ಮದುವೆಯಾಗಲಿಲ್ಲ. ಚರ್ಚಿನಲ್ಲಿ ಮೈಕು ನೋಡಿಕೊಳ್ಳುತ್ತ ಈ ಕೆಲಸ ಕಲಿತರಂತೆ. ಮನೆಮಾತು ತಮಿಳು. ಕನ್ನಡ ಚೆನ್ನಾಗಿಯೇ ಬರುತ್ತಿತ್ತು, ಆದರೆ ಸಿಟ್ಟು ಬಂದಾಗ, ಖುಷಿಯಾದಾಗ ಎರಡೂ ಕಲಸಿಹೋಗುತ್ತಿದ್ದವು. ಸಿಟ್ಟು ಬೇಗ ಬರುತ್ತಿತ್ತು, ಅದನ್ನೂ ಹೇಳಿಬಿಡಬೇಕು. ಒಬ್ಬ ವಯಸ್ಸಾದವರು ಕಣ್ಣುಮುಚ್ಚಿ ದೇವರನಾಮ ಹಾಡುತ್ತಿದ್ದಾಗ ಎಲೆಕ್ಷನ್ನಿನ ಪ್ರಚಾರದವರು ಬಾಗಿಲು ತಳ್ಳಿಕೊಂಡು ಒಳಗೆ ಬಂದರು. ಜೇಬು ತುಂಬಿದ ಗಿರಾಕಿ. ಅಕ್ಕ ಎದ್ದು, ಅವರ ಎದೆಗೆ ಕೈಯಿಟ್ಟು ಟೈಲರ್ ಅಂಗಡಿಯಾಚೆ ಬೀದಿಗೇ ತಳ್ಳಿಬಂದರು. ಅವರು ಮತ್ತೆ ಬರಲಿಲ್ಲ. ಅಕ್ಕನಿಗೆ ಅದರ ನೆನಪೂ ಇರಲಿಲ್ಲ.

ಆದರೆ ಆಟೋದಲ್ಲಿ ಈರುಳ್ಳಿ ಮಾರುವ ಒಬ್ಬರ ಕೂಗನ್ನು ರೆಕಾರ್ಡ್ ಮಾಡಿಕೊಡುವಾಗ ಅವರ ತಾಳ್ಮೆ ನೋಡಬೇಕಿತ್ತು. ನಮ್ಮ ಸರದಿಗೆ ಕಾಯುತ್ತ ನಾವು ಹೊರಗೆ ಕೂತಿದ್ದೆವು. ಆ ಮನುಷ್ಯ ಹತ್ತು ಸಲ ಹೇಳಿದರೂ ಅಕ್ಕನಿಗೆ ಸಮಾಧಾನವಿಲ್ಲ.

‘ಏನಪ್ಪಾ, ನೀನು ಈರುಳ್ಳಿ ಮಾರ್ತೀಯಾ, ಈರುಲಿ ಮಾರ್ತೀಯಾ?’

‘ಯಾವ್ದಾದ್ರೇನಕ್ಕಾ, ಗಾಡೀಲಿ ಕಾಣ್ಸುತ್ತಲ್ಲ!’

‘ಮಹಡಿ ಮೇಲಿರೋ ಹೆಂಗ್ಸಿಗೆ ಗಾಡಿ ಕಾಣಲ್ಲಪ್ಪ, ನೀನು ಕೇಳಿಸ್ತೀಯ. ನಾಲಿಗೆ ಮೇಲಕ್ಕೆ ಮಡಿಸು. ಇನ್ನೊಂದ್ಸಲ.’

ಆಟೋದ ಈರುಳ್ಳಿಗೂ ಚರ್ಚಿನ ಹಾಡಿಗೂ ನಮ್ಮ ಆಂಜನೇಯಸ್ವಾಮಿಯ ಭಜನೆಗೂ ಒಂದೇ ಮರ್ಯಾದೆ. ಮೂರಕ್ಕೂ ಚಪ್ಪಲಿ ಹೊರಗೇ.

ನಾನು ಅವರಿಗೆ ಸೋತದ್ದು ಬಳೆಯ ವಿಷಯಕ್ಕೆ. ಮೈಕಿನ ಮುಂದೆ ಬಳೆ ಸದ್ದು ಮಾಡುತ್ತದೆ. ಬೇರೆ ಕಡೆಯಾಗಿದ್ದರೆ ‘ಬಳೆ ತೆಗೆದಿಡಿ’ ಅನ್ನುತ್ತಿದ್ದರು. ಮುತ್ತೈದೆಯರು ಗಾಜಿನ ಬಳೆ ತೆಗೆದು ಬರಿಗೈಯಲ್ಲಿ ದೇವರ ಹಾಡು ಹಾಡುವುದು ಹೇಗೆ? ನಮ್ಮಲ್ಲಿ ಒಬ್ಬರು ಆಗಲೇ ಮುಖ ಸಣ್ಣದು ಮಾಡಿಕೊಂಡಿದ್ದರು. ಅಕ್ಕ ಒಂದು ಬಿಸ್ಕತ್ತಿನ ಡಬ್ಬಿ ತೆಗೆದರು. ಒಳಗೆ ಒಗೆದು ಮಡಿಸಿಟ್ಟ ಹತ್ತಿ ಬಟ್ಟೆಯ ಪಟ್ಟಿಗಳು. ಒಬ್ಬೊಬ್ಬರ ಕೈ ಹಿಡಿದು, ಬಳೆಗಳ ಮೇಲೆ ಪಟ್ಟಿ ಸುತ್ತಿ, ಮೆಲ್ಲಗೆ ಗಂಟು ಹಾಕಿದರು. ಅವರ ಕೈಯಲ್ಲಿ ಬಳೆ ಇರಲಿಲ್ಲ. ಕತ್ತಿನಲ್ಲಿ ಒಂದು ಚಿಕ್ಕ ಶಿಲುಬೆ ಮಾತ್ರ. ಆವತ್ತು ಮನೆಗೆ ಬಂದು ದೀಪ ಹಚ್ಚುವಾಗ, ಇಂಥವರ ಪರಿಚಯ ಮಾಡಿಸಿದೆಯಲ್ಲ ಸ್ವಾಮಿ ಅಂತ ಒಂದು ಸಲ ಹೆಚ್ಚಿಗೆ ಕೈಮುಗಿದೆ.

ಈಗ ಅತ್ತೆಯ ವಿಷಯಕ್ಕೆ ಬರುತ್ತೇನೆ. ಅಕ್ಕ ಎಂಥವರು ಅಂತ ನನಗೆ ಸರಿಯಾಗಿ ತಿಳಿದದ್ದು ಆಗಲೇ.

ನಮ್ಮ ಅತ್ತೆ ಹಸೆಹಾಡು ಹೇಳುವವರು. ಬಂಗಾರಪೇಟೆ ಸುತ್ತಿನ ನಾಲ್ಕಾರು ಹಳ್ಳಿಗಳಲ್ಲಿ ಮದುವೆಯೆಂದರೆ ಅವರಿಗೆ ಮೊದಲು ಎಲೆಅಡಿಕೆ ಬರುತ್ತಿತ್ತು. ಅರಿಶಿನ ಕುಟ್ಟುವಾಗ ಒಂದು, ಹಸೆಗೆ ಕರೆಯುವಾಗ ಒಂದು, ಬೀಗರನ್ನು ಹಂಗಿಸುವುದಕ್ಕೆ ನಾಲ್ಕು, ಹೀಗೆ ಒಟ್ಟು ಹದಿನೆಂಟು ಹಾಡು. ಅರ್ಧ ಕನ್ನಡ, ಅರ್ಧ ತೆಲುಗು. ಯಾವುದೂ ಪುಸ್ತಕದಲ್ಲಿಲ್ಲ. ಅವರ ಅಮ್ಮನಿಂದ ಅವರಿಗೆ ಬಂದದ್ದು. ನನಗೆ ಪಲ್ಲವಿ ಬರುತ್ತಿತ್ತು, ಉಳಿದದ್ದಕ್ಕೆ ‘ಅತ್ತೆ ಇದ್ದಾರಲ್ಲ’ ಅಂತ ಇದ್ದೆ.

ಅವರ ದನಿ ಒಡೆಯತೊಡಗಿ ಎರಡು ತಿಂಗಳಾಗಿತ್ತು. ಕಷಾಯ, ಜೇನು ಎಲ್ಲ ಆಯಿತು. ಕೊನೆಗೆ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಗಂಟಲಲ್ಲಿ ಗಂಟು, ತೆಗೆಯಲೇಬೇಕು, ತೆಗೆದರೆ ಜೀವಕ್ಕೆ ಭಯವಿಲ್ಲ, ಆದರೆ ದನಿ ಹಿಂದೆ ಬರುವ ಭರವಸೆ ಕೊಡುವುದಿಲ್ಲ ಅಂದರು ಡಾಕ್ಟರು. ಮುಂದಿನ ತಿಂಗಳ ನಾಲ್ಕನೇ ತಾರೀಖಿಗೆ ಆಪರೇಷನ್ ಗೊತ್ತಾಯಿತು. ಜೀವಕ್ಕೆ ಭಯವಿಲ್ಲ ಅಂದರಲ್ಲ, ಅದೇ ದೊಡ್ಡದು ಅಂದುಕೊಂಡೆ. ಬಸ್ಸಿನಲ್ಲಿ ಬರುವಾಗ ಅತ್ತೆ ಕಿಟಕಿಯಾಚೆ ನೋಡುತ್ತ, ‘ಇನ್ನು ಬೀಗ್ರನ್ನ ಬೈಯೋರ್ ಯಾರು?’ ಅಂದರು.

ಮೊದಲು ಮೊಬೈಲಿನಲ್ಲೇ ಹಿಡಿಯಲು ನೋಡಿದೆ. ಅತ್ತೆಗೆ ಮೊಬೈಲೆಂದರೆ ದೂರದೂರಿನವರೊಂದಿಗೆ ಮಾತಾಡುವ ವಸ್ತು. ಮುಂದೆ ಹಿಡಿದ ತಕ್ಷಣ ಹೊಲದಾಚೆ ಇರುವವರನ್ನು ಕೂಗಿದಂತೆ ಕಿರುಚಿ ಹಾಡಿದರು. ಒಂದು ನುಡಿ ಮುಗಿಸಿ, ‘ಕೇಳಿಸ್ತಾ?’ ಅಂತ ಮೊಬೈಲನ್ನೇ ಕೇಳಿದರು. ಹಿಂದೆ ಕಾಗೆ, ಪಕ್ಕದ ಮನೆಯ ಮಿಕ್ಸಿ, ನನ್ನ ‘ಹ್ಞೂಂ ಹ್ಞೂಂ’. ದನಿ ಇನ್ನಷ್ಟು ಒಡೆಯಿತು. ಮಾರನೇ ದಿನವೇ ಅಕ್ಕನ ರೂಮಿಗೆ ಕರೆದುಕೊಂಡು ಹೋದೆ.

ಅಕ್ಕ ಅತ್ತೆಯನ್ನು ಕಂಡ ಕ್ಷಣದಿಂದ ‘ಪೆರಿಯಮ್ಮಾ’ ಅಂದರು, ತಮಿಳಿನಲ್ಲಿ ದೊಡ್ಡಮ್ಮ ಅಂತ. ಮೈಕನ್ನು ಅತ್ತೆಯ ಕಣ್ಣಿಗೆ ಬೀಳದ ಹಾಗೆ ಪಕ್ಕಕ್ಕೆ ಸರಿಸಿ, ಎದುರಿಗೆ ತಾವೇ ಕೂತರು.

‘ಪೆರಿಯಮ್ಮಾ, ನಾನು ಮದುಮಗಳು. ನಂಗೆ ಹಾಡಿ.’

‘ಈ ವಯಸ್ನಾಗಾ? ಗಂಡು ಎಲ್ಲೈತೆ?’

‘ಬಸ್ಸು ಲೇಟು. ಬತ್ತಾನೆ, ಹಾಡಿ.’

ಅತ್ತೆ ನಕ್ಕರು. ನಕ್ಕ ಗಂಟಲು ಸಡಿಲವಾಯಿತು. ಮೊದಲನೇ ಹಾಡು ಬಂದದ್ದು ಹಾಗೆ.

ದಿನಕ್ಕೆ ಎರಡೇ ಹಾಡು. ಮೂರನೆಯದಕ್ಕೆ ದನಿ ಕೈಕೊಡುತ್ತಿತ್ತು. ಅತ್ತೆ ಒಂದು ದಿನ ಹಾಡಿದರೆ ಎರಡು ದಿನ ಸುಧಾರಿಸಿಕೊಳ್ಳಬೇಕು. ಹಸೆಹಾಡಿಗೆ ಹಿಂದಿನಿಂದ ಸೊಲ್ಲು ಹಿಡಿಯುವವರು ಬೇಕಲ್ಲ, ನಾನೂ ಭಜನೆಯ ಇಬ್ಬರೂ ಬೇರೆ ದಿನ ಹೋಗಿ ಆ ಸೊಲ್ಲನ್ನು ಹಾಡಿ ಬರುತ್ತಿದ್ದೆವು. ಎರಡನ್ನೂ ಜೋಡಿಸುವುದು ಅಕ್ಕನ ಕೆಲಸ. ಆದ್ದರಿಂದ ಒಂದೊಂದು ಹಾಡೂ ಕಂಪ್ಯೂಟರಿನೊಳಗೆ ಅರ್ಧ ಹೆಣೆದ ಹೂಮಾಲೆಯ ಹಾಗೆ ಇರುತ್ತಿತ್ತು. ಹನ್ನೆರಡು ಹಾಡು ಅತ್ತೆಯ ಬಾಯಿಂದ ಬಂದಿದ್ದವು, ಐದು ಮಾತ್ರ ಪೂರ್ತಿ ಮುಗಿದಿದ್ದವು. ಆಗ ಕಂಪ್ಯೂಟರಿನಲ್ಲಿ ಆ ನೋಟೀಸು ಬಂತು.

ರೆಕಾರ್ಡಿಂಗ್ ಮಾಡುವ ಪ್ರೋಗ್ರಾಂ ಹೇಳುತ್ತಿತ್ತು: ನಿಮ್ಮ ಕಂಪ್ಯೂಟರಿನ ಆಪರೇಟಿಂಗ್ ಸಿಸ್ಟಂ ಹಳೆಯದು, ಈ ತಿಂಗಳ ಕೊನೆಯೊಳಗೆ ಹೊಸದಕ್ಕೆ ಅಪ್‌ಗ್ರೇಡ್ ಮಾಡಿ, ಇಲ್ಲದಿದ್ದರೆ ನಾನು ಕೆಲಸ ಮಾಡುತ್ತೇನೆಂಬ ಭರವಸೆ ಇಲ್ಲ. ಡಾಕ್ಟರು ಹೇಳಿದ ಹಾಗೇ ಇತ್ತು ಮಾತು.

ಪಕ್ಕದ ಬೀದಿಯಲ್ಲಿ ಕಂಪ್ಯೂಟರ್ ರಿಪೇರಿ ಮಾಡುವವರು, ಕನ್ನಡಕ ಹಣೆಗೇರಿಸಿಕೊಂಡ ನಡುವಯಸ್ಸಿನವರು, ಬಂದು ನೋಡಿ, ‘ಅಯ್ಯೋ, ಒಂದು ಬಟನ್ ಅಕ್ಕಾ. ಒತ್ತಿ, ಟೀ ಕುಡಿದು ಬರೋಷ್ಟರಲ್ಲಿ ಆಗೋಗ್ತದೆ. ಊರೆಲ್ಲ ಮಾಡ್ಕೊಂಡಿದ್ದಾರೆ’ ಅಂದರು.

‘ಊರಲ್ಲಿ ಈ ಪೆಟ್ಟಿಗೆ ಇಲ್ಲಪ್ಪ’ ಅಂದರು ಅಕ್ಕ, ಬೆಳ್ಳಿ ಬಣ್ಣದ್ದನ್ನು ತಟ್ಟಿ.

ಅಕ್ಕ ನನಗೆ ಬಿಡಿಸಿ ಹೇಳಿದ್ದು ಹೀಗೆ. ಮೈಕಿನ ಪೆಟ್ಟಿಗೆ ಒಂದು ಭಾಷೆ ಆಡುತ್ತದೆ, ಕಂಪ್ಯೂಟರು ಇನ್ನೊಂದು. ನಡುವೆ ಒಬ್ಬ ದುಭಾಷಿ ಇರುತ್ತಾನೆ. ಮಾರ್ಕೆಟ್ಟಿನಲ್ಲಿ ತಮಿಳು ಮಾತ್ರ ಬರುವ ಅಂಗಡಿಯವನಿಗೂ ತೆಲುಗು ಮಾತ್ರ ಬರುವ ಹಳ್ಳಿಯವನಿಗೂ ನಡುವೆ ನಮ್ಮಂಥವರು ನಿಂತು ಮಾತಾಡಿಸುವುದಿಲ್ಲವೇ, ಹಾಗೆ. ಪೆಟ್ಟಿಗೆ ಹಳೆಯದು, ದುಭಾಷಿಯೂ ಹಳೆಯವನು. ಹೊಸ ಸಿಸ್ಟಂ ಅವನನ್ನು ಒಳಗೆ ಬಿಟ್ಟುಕೊಳ್ಳುತ್ತದೋ ಇಲ್ಲವೋ ಗೊತ್ತಿಲ್ಲ. ಬಿಡದಿದ್ದರೆ ಪೆಟ್ಟಿಗೆ ಮೂಗಾಗುತ್ತದೆ. ಅರ್ಧ ಹೆಣೆದ ಏಳು ಹಾಡು ತೆರೆಯುತ್ತವೋ ಇಲ್ಲವೋ ಅದೂ ಗೊತ್ತಿಲ್ಲ. ಮಾಡದಿದ್ದರೆ ಒಂದನೇ ತಾರೀಖಿಗೆ ಪ್ರೋಗ್ರಾಮೇ ಬೀಗ ಹಾಕಿಕೊಳ್ಳಬಹುದು. ನಾಲ್ಕಕ್ಕೆ ಆಪರೇಷನ್. ಇನ್ನೂ ಆರು ಹಾಡು ಅತ್ತೆಯ ಗಂಟಲಲ್ಲೇ ಇದ್ದವು.

ನನಗೆ ಭಯವಾದದ್ದು ಬೀಗದ ಬಗ್ಗೆ. ‘ಮಾಡಿಬಿಡಿ ಅಕ್ಕಾ’ ಅಂತ ಗಂಟುಬಿದ್ದೆ. ‘ನೋಡೋಣಮ್ಮಾ’ ಅಂದರು. ನಾನು ಸುಮ್ಮನಾಗುವವಳಲ್ಲ. ಮಾರನೇ ಬೆಳಗ್ಗೆ ಮಿಂದು, ನಮ್ಮ ಬೀದಿಯ ಆಂಜನೇಯಸ್ವಾಮಿಯ ಗುಡಿಗೆ ಹೋಗಿ ಹೂ ಕೇಳಿದೆ. ಹೆಣ್ಣು ಕೊಡುವುದಕ್ಕೆ, ಬಾವಿ ತೋಡಿಸುವುದಕ್ಕೆ ನಮ್ಮಲ್ಲಿ ಹೂ ಕೇಳುವುದುಂಟು. ಆಗುವ ಕೆಲಸವಾದರೆ ಸ್ವಾಮಿಯ ಬಲಗಡೆಯಿಂದ ಹೂ ಬೀಳುತ್ತದೆ. ಅರ್ಚಕರು, ‘ಏನಮ್ಮಾ, ಯಾವ ವಿಷ್ಯ?’ ಅಂದರು.

‘ಸ್ವಾಮಿ, ಕಂಪ್ಯೂಟರಿನ ಸಿಸ್ಟಂ ಅಪ್‌ಗ್ರೇಡ್ ಮಾಡೋದಾ ಬೇಡವಾ ಅಂತ.’

ಅರ್ಚಕರು ನನ್ನ ಮುಖ ನೋಡಿದರು, ಸ್ವಾಮಿಯ ಮುಖ ನೋಡಿದರು. ‘ಅವರಿಗೇನು, ಅರ್ಥವಾಗ್ತದೆ ಬಿಡಿ’ ಅಂದು ಆರತಿ ಎತ್ತಿದರು. ಐದು ನಿಮಿಷದಲ್ಲಿ ಬಲಗಡೆಯ ಕಣಗಿಲೆ ಜಾರಿ ಬಿತ್ತು. ಹೂವನ್ನು ಸೆರಗಿನ ತುದಿಗೆ ಕಟ್ಟಿಕೊಂಡು ಸಿಕ್ಕ ಮೊದಲ ಬಸ್ಸು ಹತ್ತಿದೆ. ಸೀಟೂ ಸಿಕ್ಕಿತು, ಅದನ್ನೂ ಶುಭಶಕುನಕ್ಕೆ ಸೇರಿಸಿಕೊಂಡೆ.

‘ಅಕ್ಕಾ, ಸ್ವಾಮಿ ಅಪ್ಪಣೆ ಕೊಟ್ಟಾಯ್ತು. ಒತ್ತಿ ಬಟನ್ನು.’

ಬೇರೆ ಯಾರಾದರೂ ನಗುತ್ತಿದ್ದರು. ಅಕ್ಕ ಎದ್ದು ಕೈತೊಳೆದು ಬಂದು, ಎರಡೂ ಅಂಗೈಯಲ್ಲಿ ಹೂ ತೆಗೆದುಕೊಂಡು ಕಣ್ಣಿಗೊತ್ತಿಕೊಂಡರು. ಆಮೇಲೆ ಕೇಳಿದರು:

‘ಮಾಡ್ಬೇಕಾ ಅಂತ ಕೇಳ್ದೆ, ಸರಿ. ಯಾವಾಗ ಅಂತ ಕೇಳಿದ್ಯಾಮ್ಮಾ?’

‘ಅದನ್ನ ಕೇಳ್ಲಿಲ್ಲಕ್ಕಾ.’

‘ದೇವರು ಸರಿಯಾಗೇ ಹೇಳಿದ್ದಾರೆ. ಮಾಡ್ಲೇಬೇಕು. ಹಳೇದು ಹಿಡ್ಕೊಂಡು ನಾನೂ ಎಷ್ಟು ದಿನ ಕೂರ್ಲಿ? ಆದ್ರೆ ಇವತ್ತಲ್ಲ. ಆಳು ಕೆಳಗಿದ್ದಾರೆ.’

ಆವತ್ತು ಅವರು ತಂದೆಯ ಕೆಲಸದ ಬಗ್ಗೆ ಹೇಳಿದರು. ಗಣಿಯಲ್ಲಿ ಆಳುಗಳು ಕೂತು ಇಳಿಯುವ ತೊಟ್ಟಿಲು ಉಕ್ಕಿನ ಹಗ್ಗದಲ್ಲಿ ತೂಗುತ್ತದಂತೆ. ಹಗ್ಗ ಸವೆಯುತ್ತದೆ, ಬದಲಾಯಿಸಲೇಬೇಕು. ಆದರೆ ಕೆಳಗೆ ಒಬ್ಬನೇ ಒಬ್ಬ ಆಳು ಇದ್ದರೂ ಅವರಪ್ಪ ಹಗ್ಗಕ್ಕೆ ಕೈ ಹಚ್ಚಲು ಬಿಡುತ್ತಿರಲಿಲ್ಲ. ಎಲ್ಲರೂ ಮೇಲೆ ಬಂದ ಮೇಲೇ ಹೊಸ ಹಗ್ಗ. ಹೊಸ ಹಗ್ಗ ಹಾಕಿದ ಮೇಲೂ ಮೊದಲ ಸಲ ಮನುಷ್ಯರಿಲ್ಲ, ಕಲ್ಲು ತುಂಬಿ ಇಳಿಸಿ ಎತ್ತುವುದು.

‘ನಿಮ್ಮತ್ತೆ ಹನ್ನೆರಡು ಹಾಡು ಇದರೊಳಗೆ ಇಳಿದಿದ್ದಾವೆ. ಐದು ಮೇಲೆ ಬಂದಿದ್ದಾವೆ, ಏಳು ಇನ್ನೂ ಕೆಳಗೇ. ನಾನು ಹಗ್ಗ ಮುಟ್ಟಲ್ಲಮ್ಮಾ.’

‘ಒಂದನೇ ತಾರೀಖು ಬೀಗ ಹಾಕ್ಕೊಂಡ್ರೆ?’

‘ಅದಕ್ಕೇ ಕಲ್ಲು ತುಂಬಿ ನೋಡೋಣ.’

ಮಾರನೇ ದಿನ ಚರ್ಚಿನಿಂದ ಒಂದು ಖಾಲಿ ಹಾರ್ಡ್ ಡಿಸ್ಕ್ ತಂದರು. ಹಳೆಯ ಡಿಸ್ಕನ್ನು ಬಿಚ್ಚಿ, ಸೀರೆಯಲ್ಲಿ ಸುತ್ತಿ ಬೀರುವಿನಲ್ಲಿಟ್ಟರು. ಖಾಲಿ ಡಿಸ್ಕಿಗೆ ಹೊಸ ಸಿಸ್ಟಂ ಹಾಕಿದರು. ರಿಪೇರಿಯವರು ಹೇಳಿದ ಹಾಗೆ ಟೀ ಕುಡಿಯುವಷ್ಟರಲ್ಲಿ ಆಗಲಿಲ್ಲ, ನಾನು ತಂದಿದ್ದ ಚಿತ್ರಾನ್ನ ಇಬ್ಬರೂ ತಿಂದು, ಕೈತೊಳೆದು, ಇನ್ನೊಂದು ಗಂಟೆ ಕೂತೆವು. ತೆರೆ ಚೆನ್ನಾಗಿ ಬಂತು, ಬಣ್ಣ ಬಣ್ಣವಾಗಿ. ಅಕ್ಕ ಮೈಕಿನ ಮುಂದೆ ಕೂತು ತಮಿಳಿನಲ್ಲಿ ಒಂದರಿಂದ ಹತ್ತು ಎಣಿಸಿದರು. ಪೆಟ್ಟಿಗೆಯ ಹಸಿರು ದೀಪ ಹತ್ತಲಿಲ್ಲ. ಇನ್ನೊಂದು ಸಲ ಎಣಿಸಿದರು, ಗಟ್ಟಿಯಾಗಿ. ಇಲ್ಲ. ಪೆಟ್ಟಿಗೆ ಮಾಡಿದ ಕಂಪನಿಯ ಕಡೆ ಹುಡುಕಿದರೆ, ಆ ಹಳೆಯ ದುಭಾಷಿಗೆ ಹೊಸ ಮಾತು ಕಲಿಸುವುದನ್ನು ನಿಲ್ಲಿಸಿ ಬಹಳ ಕಾಲವಾಗಿತ್ತು.

ನನ್ನ ಮಾತು ಕೇಳಿ ಹಿಂದಿನ ದಿನವೇ ಬಟನ್ ಒತ್ತಿದ್ದರೆ? ಅಕ್ಕ ನನ್ನತ್ತ ತಿರುಗಿ ‘ನೋಡಿದ್ಯಾ’ ಅನ್ನಲಿಲ್ಲ. ಅವರ ಬಗ್ಗೆ ನೂರು ಮಾತು ಮರೆತರೂ ಇದನ್ನು ಮರೆಯುವುದಿಲ್ಲ. ಹಳೆಯ ಡಿಸ್ಕನ್ನು ಮತ್ತೆ ಹಾಕಿದರು. ಕಂಪ್ಯೂಟರಿನ ಹಿಂದಿದ್ದ ಇಂಟರ್‌ನೆಟ್ಟಿನ ವೈರನ್ನು ಕಿತ್ತು, ಜಡೆಗೆ ಸುತ್ತುವ ರಿಬ್ಬನ್ನಿನ ಹಾಗೆ ಬೆರಳಿಗೆ ಸುತ್ತಿ, ಬೀರುವಿನ ಮೇಲೆ ಎಸೆದರು.

‘ಹೊರಗಿನ ಮಾತು ಕೇಳಿಸದಿದ್ರೆ ಕೆಲವು ದಿನ ತೆಪ್ಪಗಿರ್ತದೆ. ಎಷ್ಟು ದಿನ ಅಂತ ನಂಗೂ ಗೊತ್ತಿಲ್ಲ. ಬೇಗ ಬೇಗ ಮೇಲೆತ್ಬೇಕು, ಅಷ್ಟೇ.’

ಆಮೇಲಿನ ದಿನಗಳಲ್ಲಿ ಅವರು ಆಟೋದ ಕೂಗು, ಶಾಲೆಯ ಹಾಡು ಎಲ್ಲವನ್ನೂ ಮುಂದಕ್ಕೆ ಹಾಕಿದರು. ಒಂದೊಂದು ಹಾಡು ಮುಗಿದ ಹಾಗೆ ಎರಡು ಪ್ರತಿ. ಒಂದು ಅವರ ಹತ್ತಿರ, ಒಂದು ಪೆನ್ ಡ್ರೈವಿನಲ್ಲಿ ನನಗೆ. ‘ಭದ್ರವಾಗಿಡಮ್ಮಾ’ ಅಂದರು. ನಮ್ಮ ಮನೆಯಲ್ಲಿ ಅತಿ ಭದ್ರವಾದ ಜಾಗ ದೇವರ ಮನೆಯ ಕುಂಕುಮದ ಭರಣಿ, ಅದರೊಳಗಿಟ್ಟೆ. ಮುಂದಿನ ಸಲ ಕೊಟ್ಟಾಗ ಪೆನ್ ಡ್ರೈವಿನ ಬಾಯೆಲ್ಲ ಕೆಂಪು. ಅಕ್ಕ ತಲೆ ಚಚ್ಚಿಕೊಂಡರು.

‘ಏಮ್ಮಾ, ಇದಕ್ಕೂ ಬೊಟ್ಟಿಟ್ಟು ಕಳಿಸಿದ್ಯಾ? ದೇವರ ಮನೇಲಿಡು, ಬೇಡ ಅನ್ನಲ್ಲ. ಡಬ್ಬೀಲಿ ಇಡು, ಕುಂಕುಮದಲ್ಲಿ ಇಡ್ಬೇಡ!’ ಬೈಯುತ್ತಲೇ ಹಳೇ ಟೂತ್‌ಬ್ರಷ್ಷಿನಲ್ಲಿ ಉಜ್ಜಿದರು. ಹಾಡು ಹಾಳಾಗಿರಲಿಲ್ಲ, ಸ್ವಾಮಿ ಕಾಪಾಡಿದ.

ಒಂದನೇ ತಾರೀಖು ಬೆಳಗ್ಗೆ ಅಕ್ಕ ಕಂಪ್ಯೂಟರ್ ಹಾಕುವಾಗ ನಾನು ಅವರ ಹಿಂದೆ ಕಣ್ಣುಮುಚ್ಚಿ ನಿಂತಿದ್ದೆ. ಪ್ರೋಗ್ರಾಂ ಹಳದಿ ಅಕ್ಷರದಲ್ಲಿ ಏನೋ ಗೊಣಗಿತು. ಗೊಣಗಿ, ತೆರೆದುಕೊಂಡಿತು.

ಎರಡನೇ ತಾರೀಖು ಕೊನೆಯ ಎರಡು ಹಾಡು. ಅತ್ತೆಗೆ ಅಷ್ಟು ಹೊತ್ತಿಗೆ ಮಾತಾಡಲೂ ಕಷ್ಟ. ಕೊನೆಯದು ಆರತಿ ಹಾಡು, ಉದ್ದದ್ದು, ನಡುವೆ ಎಲ್ಲೂ ನಿಲ್ಲಿಸುವ ಹಾಗಿಲ್ಲ. ಎರಡು ಸಲ ಕೆಮ್ಮು ಬಂದು ನಿಂತಿತು. ಮೂರನೇ ಸಲಕ್ಕೆ ಮೈಕಿನ ಹತ್ತಿರ ಏದುಸಿರು ಬೀಳತೊಡಗಿತು. ಅಕ್ಕನಿಗೆ ಗಾಬರಿ. ‘ಉಸಿರು ಬಿಡಬೇಡಿ’ ಅನ್ನಬೇಕಾಗಿತ್ತು. ನಾಲಿಗೆ ತಮಿಳಿಗೆ ಹೊರಳಿತು:

‘ಪೆರಿಯಮ್ಮಾ, ಉಯಿರು ಬಿಡ್ಬೇಡಿ! ಈ ಕಡೆ ಬಿಡ್ಬೇಡಿ!’

ತಮಿಳಿನಲ್ಲಿ ಉಯಿರು ಅಂದರೆ ಪ್ರಾಣ. ಅತ್ತೆಗೆ ಅಷ್ಟು ತಮಿಳು ಬರುತ್ತದೆ. ಕೆಮ್ಮು ನುಂಗಿಕೊಂಡು, ಒಡೆದ ದನಿಯಲ್ಲಿ ಅಂದರು:

‘ಬಿಡಾಕಿಲ್ಲ ಕಣಮ್ಮ ಮೈಕಮ್ಮ. ಆರತಿ ಆಗ್ದೆ ಎಲ್ಲಿಗೋಗ್ಲಿ? ಆಡ್ತೀನಿ ಇರು.’

ನಾವು ಮೂವರೂ ನಕ್ಕೆವು. ಅಕ್ಕ ಕಣ್ಣೊರೆಸಿಕೊಂಡು, ಕೈ ಎತ್ತಿ, ನಿಧಾನವಾಗಿ ಇಳಿಸಿದರು. ನಾಲ್ಕನೇ ಸಲಕ್ಕೆ ಹಾಡು ಪೂರ್ತಿಯಾಯಿತು. ಒರಟಾಗಿತ್ತು, ಒಂದು ಕಡೆ ದನಿ ಗಾಳಿಯಾಗಿ ಹೋಗಿತ್ತು. ‘ಆ ಗಾಳಿ ತೆಗೀಬೋದಾ ಅಕ್ಕಾ?’ ಅಂದೆ. ‘ತೆಗೀಬೋದು. ತೆಗಿಯಲ್ಲ’ ಅಂದರು. ಭಜನೆಯ ಇಬ್ಬರನ್ನು ಕರೆಸಿ ಸೊಲ್ಲನ್ನು ಆವತ್ತೇ ಹಾಡಿದೆವು. ಅಕ್ಕ ಜೋಡಿಸಿದರು.

ಆಪರೇಷನ್ನಿನ ದಿನ ಆಸ್ಪತ್ರೆಯ ಬೆಂಚಿನ ಮೇಲೆ ಕೂತಿದ್ದಾಗ ಅಕ್ಕನಿಂದ ಮೂರು ಸಲ ಫೋನು. ಮೂರು ಸಲವೂ ಒಂದೇ ಪ್ರಶ್ನೆ: ‘ಮೇಲೆ ಬಂದ್ರಾ?’ ಅತ್ತೆಯನ್ನು ವಾರ್ಡಿಗೆ ತಂದಾಗ, ‘ಬಂದ್ರಕ್ಕಾ’ ಅಂದೆ. ‘ಸರಿ ಮಾ. ನಾಳೆ ಹಗ್ಗ ಬದಲಾಯಿಸ್ತೀನಿ’ ಅಂದರು.

ಬದಲಾಯಿಸಿದರು ಕೂಡ. ಹೊಸ ಸಿಸ್ಟಂ ಹಾಕಿ, ಅದಕ್ಕೆ ಒಗ್ಗುವ ಸೆಕೆಂಡ್ ಹ್ಯಾಂಡ್ ಪೆಟ್ಟಿಗೆ ತಂದು, ಮತ್ತೆ ಒಂದರಿಂದ ಹತ್ತು ಎಣಿಸಿ ನೋಡಿ, ಆಮೇಲೆಯೇ ಈರುಳ್ಳಿಯವರನ್ನು ಕರೆದರು. ‘ಹೊಸದು ಬಹಳ ಚೆನ್ನಾಗಿದೆಮ್ಮಾ, ಇಷ್ಟು ವರ್ಷ ಯಾಕೆ ಕಾದೆನೋ’ ಅಂತ ಮಕ್ಕಳ ಹಾಗೆ ಖುಷಿಪಟ್ಟರು.

ಅತ್ತೆಯ ಜೀವ ಉಳಿಯಿತು. ದನಿ ಉಳಿಯಲಿಲ್ಲ. ಈಗ ಅವರ ಮಾತು ಬರೀ ಪಿಸುಗಾಳಿ. ನಮ್ಮ ಭಜನೆಯವರು ಅಕ್ಕ ಮಾಡಿಕೊಟ್ಟದ್ದನ್ನು ಹಾಕಿಕೊಂಡು ಒಂದೊಂದೇ ಹಾಡು ಕಲಿಯುತ್ತಿದ್ದೇವೆ. ತಪ್ಪು ಹಾಡಿದರೆ ಅತ್ತೆ ಚಮಚದಿಂದ ತಟ್ಟೆ ಬಾರಿಸುತ್ತಾರೆ. ಬೀಗರನ್ನು ಬೈಯುವ ನಾಲ್ಕೂ ಈಗ ನನಗೆ ಬಾಯಿಪಾಠ.

ಅಕ್ಕ ರೂಮು ಮುಚ್ಚಿದ ಕಾರಣ ನನಗೆ ಆಮೇಲೆ ತಿಳಿಯಿತು. ಚರ್ಚಿನವರ ಒಂದು ಹಾಡಿನಲ್ಲಿ ಸೊಳ್ಳೆಯಂಥ ಸಣ್ಣ ಕೀರಲು ಸದ್ದು ಉಳಿದುಹೋಗಿತ್ತಂತೆ. ಹಾಡಿದವರು ತೋರಿಸಿದರೂ ಅಕ್ಕನಿಗೆ ಕೇಳಿಸಲಿಲ್ಲ. ಡಾಕ್ಟರರ ಹತ್ತಿರ ಹೋದರು. ಸಣ್ಣ ಸದ್ದುಗಳೆಲ್ಲ ಅವರ ಕಿವಿಯಿಂದ ಹೊರಟುಹೋಗಿದ್ದವು. ಇನ್ನೂ ಹತ್ತು ವರ್ಷ ಯಾರಿಗೂ ಗೊತ್ತಾಗದಂತೆ ಕೆಲಸ ನಡೆಸಬಹುದಿತ್ತು. ಬಂದವರಿಗೆಲ್ಲ ತಾವೇ ಹೇಳಿ, ಒಪ್ಪಿಕೊಂಡಿದ್ದ ಕೆಲಸವನ್ನೆಲ್ಲ ಇನ್ನೊಬ್ಬರ ಕಿವಿ ಪಕ್ಕದಲ್ಲಿ ಕೂರಿಸಿಕೊಂಡು ಮುಗಿಸಿ, ಯಂತ್ರಗಳನ್ನು ಚರ್ಚಿಗೆ ಕೊಟ್ಟರು. ತಮಿಳುನಾಡಿನಲ್ಲಿರುವ ತಂಗಿಯ ಮನೆಗೆ ಹೊರಟರು.

ರೈಲು ಹತ್ತುವುದು ನಮ್ಮ ಬಂಗಾರಪೇಟೆಯಲ್ಲೇ ತಾನೆ. ಹೊರಡುವ ದಿನ ಎರಡು ಚೀಲ ಹಿಡಿದು ಮಧ್ಯಾಹ್ನಕ್ಕೇ ನಮ್ಮ ಮನೆಗೆ ಬಂದರು. ಮುದ್ದೆ, ಹುರುಳಿಕಾಳಿನ ಸಾರು ಮಾಡಿದ್ದೆ. ಊಟವಾದ ಮೇಲೆ ಅತ್ತೆಯ ಮಂಚದ ಪಕ್ಕ ಕುರ್ಚಿ ಎಳೆದುಕೊಂಡು ಕೂತರು. ನಾನು ಒಳಗೆ ಪಾತ್ರೆ ತೊಳೆಯುತ್ತ ಯೋಚಿಸಿದೆ: ಒಬ್ಬರಿಗೆ ಪಿಸುದನಿ ಬಿಟ್ಟು ಬೇರೇನೂ ಇಲ್ಲ, ಇನ್ನೊಬ್ಬರಿಗೆ ಪಿಸುದನಿ ಕೇಳಿಸುವುದಿಲ್ಲ. ಪಾಪ, ಏನು ಮಾತಾಡಿಕೊಳ್ಳುತ್ತಾರೆ? ಹೋಗಿ ನಡುವೆ ಕೂತು ಒಂದೆರಡು ಮಾತು ದಾಟಿಸೋಣ ಅಂದುಕೊಂಡು ಕೈ ಒರೆಸಿಕೊಂಡು ಬಂದೆ.

ಬಾಗಿಲಲ್ಲೇ ನಿಂತೆ. ಅತ್ತೆ ತುಟಿ ಆಡಿಸುತ್ತ, ಕೈಯಲ್ಲಿ ಒಬ್ಬ ದಪ್ಪ ಬೀಗರನ್ನು ಬರೆದು ತೋರಿಸುತ್ತಿದ್ದರು. ಅಕ್ಕ ಅವರ ಬಾಯಿಯನ್ನೇ ನೋಡುತ್ತ, ನಡುನಡುವೆ ಅವರ ಮೊಣಕೈ ಹಿಡಿದು ತಡೆದು, ಇನ್ನೊಂದು ಸಲ ಮಾಡಿಸುತ್ತಿದ್ದರು. ಇಬ್ಬರ ಭುಜವೂ ನಗುವಿಗೆ ಕುಣಿಯುತ್ತಿತ್ತು. ಮನೆಯಲ್ಲಿ ಸದ್ದೇ ಇರಲಿಲ್ಲ.

ಹೊತ್ತು ನೋಡಿದೆ. ‘ಅಕ್ಕಾ, ರೈಲಿಗೆ ಹೊತ್ತಾಯ್ತು’ ಅಂತ ಬಾಗಿಲಿಂದಲೇ ಮೆಲ್ಲಗೆ ಅಂದೆ. ಅಕ್ಕನಿಗೆ ಕೇಳಿಸಲಿಲ್ಲ. ಅತ್ತೆಗೆ ಕೇಳಿಸಿತು. ನನ್ನನ್ನು ಒಂದು ಸಲ ನೋಡಿ, ಕೇಳಿಸದವರ ಹಾಗೆ ಮುಖ ಆ ಕಡೆ ತಿರುಗಿಸಿಕೊಂಡು ಇನ್ನೊಂದು ಮಾತು ಶುರುಮಾಡಿದರು.